ಬಣ್ಣ ಬಿಡದ ತುಂಡು

"ಅಯ್ಯಯ್ಯೋ, ನನ್ನ ಮೆತ್ತೆಗಳು!"

ತಾರಸಿಯಿಂದ ಬಂದ ಕೂಗಿಗೆ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು. ಪುಟ್ಟಿ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಕೋಣೆಯಿಂದ ಹೊರಗೆ ಬಂದಳು. ಸಾಲಾಗಿ ಜೋಡಿಸಿದ್ದ ಕಡುನೀಲಿ ಮೆತ್ತೆಗಳ ತುಂಬ ಬಿಳಿ ಮಚ್ಚೆಗಳು! ಮೂಗಿಗೆ ಅಡರುವ ಬ್ಲೀಚಿನ ಘಾಟು. ಮೂಲೆಯಲ್ಲಿ ಬಹುತೇಕ ಖಾಲಿಯಾದ ಬಾಟಲಿ ಉರುಳಿ ಬಿದ್ದಿತ್ತು.

ಬಾಟಲಿ ಪುಟ್ಟಿಯದು.

"ನೋಡ್ರೀ, ನಿಮ್ಮ ತಂಗಿ ಮಾಡಿರೋ ಘನಕಾರ್ಯ!" ಅತ್ತಿಗೆ ಗಂಡನ ಕಡೆ ತಿರುಗಿದಳು. "ಈ ಮನೇಲಿ ಒಂದೋ ಇವಳಿರಬೇಕು, ಇಲ್ಲ ನಾನಿರಬೇಕು."

"ನಾನು ಮುಟ್ಟೇ ಇಲ್ಲ!" ಎಂದಳು ಪುಟ್ಟಿ.

ನಲವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ. ಬಿಳಿ ಕೋಟು ಒಗೆಯಲು ಬ್ಲೀಚ್ ಇಲ್ಲದೆ ಆಗುತ್ತಿರಲಿಲ್ಲ. ತಾರಸಿಯ ಮೇಲಿನ ಒಂಟಿ ಕೋಣೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ. ಬೇಸಿಗೆಯ ಆರಂಭದಲ್ಲಿ ಅತ್ತಿಗೆ ಆ ತಾರಸಿಗೆ ಬೆಂಚು, ಮೆತ್ತೆ, ನೆರಳಿನ ಪರದೆ ಹಾಕಿಸಿ, ಪುಟ್ಟಿ ಬಟ್ಟೆ ಒಣಹಾಕುತ್ತಿದ್ದ ತಂತಿಯನ್ನು ಕೀಳಿಸಿದ್ದಳು. ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ಇಡೀ ಬೀದಿಗೇ ಅದು ಗೊತ್ತು.

ಅಣ್ಣ ಹೆಚ್ಚು ಮಾತಾಡಲಿಲ್ಲ. ಕೋಣೆಗೆ ನುಗ್ಗಿ, ಅವಳ ಸೂಟ್‌ಕೇಸಿಗೆ ಕೈಗೆ ಸಿಕ್ಕ ಬಟ್ಟೆ ತುರುಕಿ, ತಾನೇ ಹೊತ್ತು ಕೆಳಗಿನ ಬಾಗಿಲ ಬಳಿ ಇಟ್ಟ.

"ಸಂಜೆಯೊಳಗೆ ಬೇರೆ ಕಡೆ ನೋಡ್ಕೋ ಪುಟ್ಟಿ. ನನಗೂ ಸಾಕಾಗಿದೆ."

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಪುಟ್ಟಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಸೀದಾ ಸೋದರತ್ತೆಗೆ ಫೋನ್ ಮಾಡಿದಳು.

ಸೋದರತ್ತೆ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ವರ್ಷಗಳಾಗಿದ್ದರೂ ಬಂಧುಬಳಗಕ್ಕೆಲ್ಲ ಅವಳು ಇನ್ಸ್‌ಪೆಕ್ಟರತ್ತೆ. ಬಂದವಳು ನೀರೂ ಕೇಳಲಿಲ್ಲ. ಮೂವರನ್ನೂ ತಾರಸಿಗೆ ಕರೆದು ನಿಲ್ಲಿಸಿದಳು.

"ಮೆಟ್ಟಿಲ ಬಾಗಿಲು?"

"ರಾತ್ರಿ ನಾನೇ ಚಿಲಕ ಹಾಕಿದ್ದೆ. ಬೆಳಗ್ಗೆ ನಾನೇ ತೆಗೆದೆ," ಎಂದಳು ಅತ್ತಿಗೆ.

"ಅಂದ್ರೆ ಹೊರಗಿನೋರಲ್ಲ. ನಿಮ್ಮ ಮೂರು ಜನದಲ್ಲೇ ಒಬ್ಬರು."

"ಮೂರು ಜನ ಯಾಕೆ? ಬಾಟಲಿ ಇವಳದ್ದೇ ತಾನೇ?"

"ಬಚ್ಚಲುಮನೆ ಹೊರಗೆ ಇಟ್ಟಿರ್ತೀನಿ. ಯಾರು ಬೇಕಾದ್ರೂ ತಗೋಬಹುದು!"

"ನೀನು ಸುಮ್ಮನಿರು. ಕೇಳಿದಾಗ ಬಾಯಿ ಬಿಡು," ಅತ್ತೆ ಪುಟ್ಟಿಯನ್ನು ಗದರಿದಳು. ಮೆತ್ತೆಯೊಂದನ್ನು ಮಗುಚಿ ಹಾಕಿ ನೋಡಿದಳು. ತಳ ಕಡುನೀಲಿ. ಮೇಲೆ ಮಚ್ಚೆಗಳ ನಡುವೆ ಉಳಿದ ನೀಲಿ ಪೇಲವ. "ಇದು ಮೊದಲೇ ಮಾಸಿತ್ತಾ?"

ಅತ್ತಿಗೆ ಕೆಂಡಾಮಂಡಲವಾದಳು. "ಮಾಸಿತ್ತು! ಐದು ವರ್ಷ ಗ್ಯಾರಂಟಿ ಅಂದಿದ್ದ, ಒಂದು ಬೇಸಿಗೆ ತಡೀಲಿಲ್ಲ. ಅದಕ್ಕೇ ನಿನ್ನೆ ಅಂಗಡಿಯವನಿಗೆ ಫೋನ್ ಮಾಡಿ ಝಾಡಿಸಿದ್ದೆ. ಇವತ್ತು ಬಂದು ನೋಡ್ತೀನಿ ಅಂದ. ಈಗ ಏನು ತೋರಿಸ್ಲಿ? ಬ್ಲೀಚ್ ಹಾಕಿದೋರು ನೀವು ಅಂತಾನೆ."

"ಬಟ್ಟೆ ಆರಿಸಿದ್ದು ಯಾರು?"

"ನಾನೇ. ಮೂರೂ ಜನ ಹೋಗಿದ್ವಿ. ಹತ್ತಿ ಬಟ್ಟೆ ಮಳೆಗೆ ಕೊಳೆಯುತ್ತೆ, ತಾರಸಿಗೆ ಇದೇ ಸರಿ ಅಂದ. ನೂಲು ಮಾಡುವಾಗಲೇ ಬಣ್ಣ ಸೇರಿಸಿರ್ತಾರೆ, ಬಿಸಿಲು, ಮಳೆ, ಬ್ಲೀಚು ಯಾವುದಕ್ಕೂ ಜಗ್ಗಲ್ಲ ಅಂತ ಸ್ಯಾಂಪಲ್ ತುಂಡಿನ ಮೇಲೆ ಬ್ಲೀಚ್ ಸುರಿದೂ ತೋರಿಸಿದ. ಆಮೇಲೆ ಇವರು ಹೋಗಿ ಬಟ್ಟೆ ತಂದು ಹೊಲಿಸಿದ್ರು. ಎಲ್ಲ ಬೂಟಾಟಿಕೆ!"

ಅತ್ತೆ ತಲೆ ಎತ್ತಿದಳು. "ಆ ತುಂಡು ಎಲ್ಲಿದೆ?"

ಪುಟ್ಟಿ ಅಂಜುತ್ತಲೇ ಹೇಳಿದಳು. "ನಾನು ಇಸ್ಕೊಂಡು ಬಂದಿದ್ದೆ. ಹೂವಿನ ಕುಂಡದ ಕೆಳಗೆ ಹಾಸಿದ್ದೀನಿ."

ಬೇಸಿಗೆಯೆಲ್ಲ ಬಿಸಿಲಲ್ಲಿ ಬಿದ್ದಿದ್ದ ತುಂಡು. ಅಂಚಿಗೆ ಅಂಟಿದ್ದ ಮಣ್ಣು ಕೊಡವಿದರೆ ಒಳಗೆ ಅದೇ ಕಡುನೀಲಿ. ಬಾಟಲಿಯ ತಳದಲ್ಲಿ ಉಳಿದಿದ್ದ ಬ್ಲೀಚನ್ನು ಅತ್ತೆ ಅದರ ಮೇಲೊಂದಿಷ್ಟು, ಮೆತ್ತೆಯ ತಳಕ್ಕೊಂದಿಷ್ಟು ಹನಿಸಿದಳು.

ಕಾದರು. ಮೆತ್ತೆ ನೋಡನೋಡುತ್ತಲೇ ಬೆಳ್ಳಗಾಯಿತು. ತುಂಡು ಎಳ್ಳಷ್ಟೂ ಬದಲಾಗಲಿಲ್ಲ.

"ಬೇರೆ ಬಟ್ಟೆ ಕೊಟ್ಟು ಟೋಪಿ ಹಾಕಿದ್ದಾನೆ!" ಅತ್ತಿಗೆ ಹಲ್ಲು ಕಡಿದಳು.

"ಹಾಗಿದ್ರೆ ಬ್ಲೀಚ್ ಸುರಿದೋರು ಯಾರು? ಚಿಲಕ ಹಾಕಿದ ತಾರಸಿಗೆ ಅಂಗಡಿಯವನು ಹಾರಿ ಬಂದ್ನಾ?" ಅತ್ತೆ ಮೂವರ ಮುಖವನ್ನೂ ನೋಡಿದಳು. "ಸರಿಯಾಗಿ ಕೇಳಿಸ್ಕೊಳ್ಳಿ. ಬ್ಲೀಚ್ ಈ ಬಟ್ಟೆಗೆ ಏನೂ ಮಾಡಲ್ಲ ಅಂತ ಮೂರು ಜನಾನೂ ಕಣ್ಣಾರೆ ಕಂಡಿದ್ದೀರಿ. ಪುಟ್ಟಿಗೆ ಮೆತ್ತೆ ಹಾಳು ಮಾಡೋ ಮನಸ್ಸಿದ್ರೆ ಕತ್ತರಿ ಹಿಡೀತಿದ್ಲು. ಬ್ಲೀಚ್ ಹಿಡಿಯೋನು ಒಬ್ನೇ — ಮೆತ್ತೆಗೆ ಹೊಲಿಸಿರೋದು ಆ ಬಟ್ಟೆ ಅಲ್ಲ ಅಂತ ಮೊದಲೇ ಗೊತ್ತಿದ್ದೋನು. ಅಂಗಡಿಯವನು ಬಂದು ಒಂದು ಸಲ ಮುಟ್ಟಿ ನೋಡಿದ್ರೆ ಸಾಕು, ಇದು ನನ್ನ ಮಾಲಲ್ಲ ಅಂತಿದ್ದ. ಬ್ಲೀಚ್ ಬಿದ್ದಿದ್ರೆ ಅವನನ್ನ ಕರೆಸಿ ತೋರಿಸೋ ಮಾತೇ ಬರಲ್ಲ. ಅದಕ್ಕೆ ಹೆದರಿದ್ದು ಯಾರು? ಬಟ್ಟೆ ತರೋಕೆ ಹೋಗಿದ್ದು ಯಾರು?"

ಅತ್ತಿಗೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಅಣ್ಣ ಮೆತ್ತೆಗಳತ್ತ ನೋಡುತ್ತಲೇ ಬಾಯಿಬಿಟ್ಟ. "ಆ ಬಟ್ಟೇನ ದೂರದಿಂದ ತರಿಸ್ಬೇಕಿತ್ತು. ಮೊದಲೇ ಆರ್ಡರ್ ಕೊಡೋದು ಮರೆತೇಬಿಟ್ಟೆ. ನೀನು ದಿನಾ ಬೆಳಗಾದ್ರೆ ಬಟ್ಟೆ ಎಲ್ಲಿ, ಬಟ್ಟೆ ಎಲ್ಲಿ ಅಂತಿದ್ದೆ... ಹಿಂದಿನ ಬೀದೀಲಿ ಅದೇ ಬಣ್ಣದ್ದು ಸಿಕ್ತು, ತಂದೆ. ನಿನ್ನೆ ನೀನು ಫೋನ್ ಮಾಡಿದ್ಮೇಲೆ ಏನು ಮಾಡ್ಬೇಕೋ ತೋಚಲಿಲ್ಲ."

"ನನ್ನ ಬಾಟಲಿ ಕಾಣಿಸ್ತು," ಎಂದಳು ಪುಟ್ಟಿ.

ಅಣ್ಣ ತಲೆ ತಗ್ಗಿಸಿದ.

ಅವಳ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಹಗೆ ಸಾಧಿಸಿದ್ದು ಎದುರಿಗೇ. ಬೆನ್ನಿಗೆ ಚೂರಿ ಹಾಕಿದವನು ಒಡಹುಟ್ಟಿದವನು, ಅದೂ ಹೆಂಡತಿಯ ನಾಲ್ಕು ಬೈಗುಳ ತಪ್ಪಿಸಿಕೊಳ್ಳುವುದಕ್ಕೆ!

ಅತ್ತಿಗೆ ತಪ್ಪಾಯಿತೆನ್ನಲಿಲ್ಲ. ಮಚ್ಚೆ ಬಿದ್ದ ಮೆತ್ತೆಯೊಂದನ್ನು ಗಂಡನ ಎದೆಗೆ ಎಸೆದು, "ಇವಳ ತಂತಿ ಎಲ್ಲಿಟ್ಟಿದ್ದೀರೋ ತಂದು ಕಟ್ಟಿ," ಎಂದಳು. ಪುಟ್ಟಿಯ ಮುಖ ನೋಡದೆ ದಡದಡ ಮೆಟ್ಟಿಲಿಳಿದು ಹೋದಳು.

"ಪುಟ್ಟೀ, ಮನಸ್ಸಿಗೆ ಹಚ್ಕೋಬೇಡ ಕಣೇ..." ಅಣ್ಣ ಶುರು ಮಾಡಿದ.

"ಮಾತು ಬೇಡ," ಎಂದಳು ಪುಟ್ಟಿ. "ನನ್ನ ಸೂಟ್‌ಕೇಸ್ ಕೆಳಗಿದೆ. ಇಳಿಸಿದೋನು ನೀನು. ಹೋಗು, ಹೊತ್ಕೊಂಡು ಬಾ."