ಟ್ಯಾಗಿನ ಮೂಲೆಯ ಗೀರು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕೆಂಪು ಸ್ಪೋರ್ಟ್ಸ್ ಕಾರು ಲಿಫ್ಟ್ ಮೇಲೇರಿತು. ಹನ್ನೊಂದಾಗುವ ಹೊತ್ತಿಗೆ ಗಿಯರಮ್ಮನ ನಿಶ್ಚಯವಾಗಿದ್ದ ಮದುವೆ ಮುರಿದಿತ್ತು.

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಗ್ಯಾರೇಜು ಸೋದರಮಾವನದು, ಹಿಂದಿನ ಆಕ್ಸಲ್ ಕೆಲಸವೆಲ್ಲ ಅವಳದು. ಕಾರು ತಂದವನು ಎದುರು ಬೀದಿಯಲ್ಲಿ ಹಳೆಯ ಕಾರು ಮಾರುವವನು, ಮುಂದಿನ ತಿಂಗಳು ಅವಳ ಕೈಹಿಡಿಯಬೇಕಿದ್ದವನು. ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು, ಭಾನುವಾರ ಬಂತೆಂದರೆ ಗುಡ್ಡ ಹತ್ತುವ ಕಾರ್ ರೇಸಿಗೆ ಹೊರಡುವ ಐವತ್ತರ ಹೆಂಗಸು.

"ಮಾವ ಎಲ್ಲಿ?" ಒಳಗೆ ಬರುತ್ತಲೇ ಅವನು ಕೇಳಿದ.

"ಕಣ್ಣಿನ ಆಸ್ಪತ್ರೆಗೆ ಹೋಗಿದಾರೆ. ಯಾಕೆ, ನಾನು ಸಾಲದಾ?"

"ಸಾಲದೇ ಏನು! ಜೀವನ ಪೂರ್ತಿ ನೀನೇ ಅಂತ ಒಪ್ಕೊಂಡಾಗಿದೆ."

ಅವಳು ನಕ್ಕು, ಅವನ ಇಸ್ತ್ರಿ ಶರ್ಟಿನ ತೋಳಿಗೆ ಗ್ರೀಸ್ ಬೆರಳಿನಿಂದ ಒಂದು ಚುಕ್ಕೆಯಿಟ್ಟಳು. ಬೇರೆ ದಿನವಾಗಿದ್ದರೆ ಅವನು ಆ ಬೆರಳನ್ನು ಹಿಡಿದುಕೊಳ್ಳುತ್ತಿದ್ದ. ಇಂದು ಚುಕ್ಕೆಯನ್ನು ಒರೆಸಿಕೊಂಡ.

"ನಂದು ಒಂದೇ ಪ್ರಶ್ನೆ," ಎಂದರು ಡಾಕ್ಟರಮ್ಮ. "ಹಿಂದಿನ ಆಕ್ಸಲ್ ರೇಶಿಯೋ 3.73 ಅಂತಾರೆ ಇವರು. ನಿಜ ಆದ್ರೆ ತಗೋತೀನಿ."

"ಗುಡ್ಡಕ್ಕೆ ಅದೇ ಬೇಕು ಡಾಕ್ಟರೇ. ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಬರೋ ಶಾಫ್ಟು ಹೆಚ್ಚುಕಡಿಮೆ ಮೂರು ಮುಕ್ಕಾಲು ಸುತ್ತು ತಿರುಗುತ್ತೆ. ತಿರುವಿಂದ ಚಿಮ್ಕೊಂಡು ಹೊರಡುತ್ತೆ. ಮೂರೇ ಸುತ್ತಾದ್ರೆ ಹೈವೇಲಿ ಆರಾಮ, ಪೆಟ್ರೋಲೂ ಉಳಿಯುತ್ತೆ. ಗುಡ್ಡದಲ್ಲಿ ಮಾತ್ರ ಮುಂದಿನವರ ಹೊಗೆ ಕುಡೀಬೇಕು."

"ಹೊರಗಿಂದ ಗೊತ್ತಾಗಲ್ವಾ?"

"ಇಲ್ಲ. ಅದೇ ಇಂಜಿನ್, ಅದೇ ಬಣ್ಣ. ಒಳಗಿನ ಹಲ್ಲು ಬೇರೆ."

"ನನ್ನ ಪೇಶೆಂಟುಗಳ ಥರಾನೇ ಅನ್ನು!"

"ಟ್ಯಾಗ್ ಇದೆಯಲ್ಲ, ಓದಿ ಹೇಳಿಬಿಡು," ಎಂದ ಅವನು, ಗೋಡೆ ಗಡಿಯಾರ ನೋಡುತ್ತ.

ಅವಳು ಕಾರಿನಡಿಗೆ ಬಗ್ಗಿದಳು. ಆಕ್ಸಲ್ ಮುಚ್ಚಳದ ಬೋಲ್ಟಿಗೆ ಬೆರಳಗಲದ ತಗಡು. ಅದರ ಮೇಲೆ 3.73. ಮೂಲೆಯಲ್ಲಿ ಉಗುರಿನಾಕಾರದ ಒಂದು ಗೀರು.

ಆ ಗೀರು ಅವಳೇ ಮಾಡಿದ್ದು. ಅವಳು ಒಬ್ಬಳೇ ಬಿಚ್ಚಿ ಜೋಡಿಸಿದ ಮೊದಲ ಆಕ್ಸಲ್ಲಿನದು ಆ ಟ್ಯಾಗ್. ಅಂದು ಸ್ಕ್ರೂಡ್ರೈವರ್ ಜಾರಿತ್ತು. ಆ ಕಾರು ಗುಜರಿಗೆ ಹೋದರೂ ಟ್ಯಾಗನ್ನು ಅವಳು ಇಟ್ಟುಕೊಂಡಿದ್ದಳು. ಮದುವೆ ಮಾತಾದ ದಿನ ಅವನು ಅದನ್ನೇ ಕೇಳಿದ್ದ. "ಉಂಗುರ ಎಲ್ರೂ ಕೊಡ್ತಾರೆ ಕಣೇ. ನಿನ್ನ ಮೊದಲ ಕೆಲಸ ಕೊಡು, ಎದೆ ಹತ್ರ ಇಟ್ಕೋತೀನಿ." ಜೇಬಿಗೆ ಹಾಕಿ ಎರಡು ಸಲ ತಟ್ಟಿಕೊಂಡಿದ್ದ. ಆ ಸಂಜೆ ಅವಳಿಂದ ಒಂದು ಬೋಲ್ಟೂ ನೆಟ್ಟಗೆ ಬಿಗಿಯಲಾಗಿರಲಿಲ್ಲ.

ಅವಳು ಸೀಮೆಸುಣ್ಣ ತೆಗೆದುಕೊಂಡಳು.

"ಟ್ಯಾಗ್ ಇದೆಯಲ್ಲೇ, ಎಣಿಸೋದ್ಯಾಕೆ?" ಅವನ ದನಿ ಒಣಗಿತ್ತು.

ಅವಳು ಗಿಯರನ್ನು ನ್ಯೂಟ್ರಲಿಗೆ ಹಾಕಿ ಟೈರಿಗೊಂದು, ಶಾಫ್ಟಿಗೊಂದು ಗೆರೆ ಎಳೆದಳು. "ಡಾಕ್ಟರೇ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿ."

ಶಾಫ್ಟಿನ ಗೆರೆ ಒಂದು ಸಲ ಬಂತು. ಎರಡು. ಮೂರು. ಇನ್ನೂ ಬಾ, ಅರ್ಧ ಸುತ್ತಾದರೂ ಬಾ, ಎಂದು ಅವಳು ಒಳಗೊಳಗೇ ಗೋಗರೆದಳು. ಗೆರೆ ಎರಡು ಬೆರಳು ಸರಿದು ನಿಂತಿತು.

ಹತ್ತು ಸುತ್ತು ತಿರುಗಿಸಿ ನೋಡಿದರು. ಮೂವತ್ತೇಳು ದಾಟಬೇಕಿತ್ತು. ಮೂವತ್ತೊಂದೂ ತುಂಬಲಿಲ್ಲ.

ಅವನು ಅವಳನ್ನು ಟೈರುಗಳ ಸಾಲಿನ ಹಿಂದಕ್ಕೆ ಕರೆದೊಯ್ದ. "ಮಾವ ಇರ್ತಾರೆ, ಟ್ಯಾಗ್ ಓದಿ ಸೈ ಅಂತಾರೆ ಅಂದ್ಕೊಂಡಿದ್ದೆ. ನಿನ್ನ ಇದರಲ್ಲಿ ಸಿಕ್ಕಿಸೋ ಉದ್ದೇಶ ಇರಲಿಲ್ಲ. ಒಂದೇ ಒಂದು ಸಲ ಸುಮ್ನಿದ್ಬಿಡು, ನಮ್ಮ ಮನೆಗೋಸ್ಕರ."

"ಅವತ್ತು ಕೇಳಿದ್ದು ಇದಕ್ಕೇನಾ?"

ಅವನು ನೆಲ ನೋಡಿದ.

"ಇಲ್ಲ ಅಂತ ಸುಳ್ಳಾದ್ರೂ ಹೇಳೋ."

ಅವನು ತೋಳಿನ ಗ್ರೀಸ್ ಕಲೆಯನ್ನು ಮತ್ತೆ ಉಜ್ಜಿದ.

"ಇದು ಎಷ್ಟನೇ ಕಾರು?"

"ಎರಡನೇದು. ಮಾವ ಸೈ ಅಂದ ಮೇಲೆ ಮೊದಲನೇದರಿಂದ ಟ್ಯಾಗ್ ಬಿಚ್ಕೊಂಡಿದ್ದೆ."

ಮೊದಲನೆಯದರ ತಪಾಸಣೆ ಚೀಟಿಗೆ ಮಾವ ಸಹಿ ಹಾಕಿದ್ದು ಅವಳಿಗೆ ನೆನಪಿತ್ತು. ಬಿಳಿ ಕಾರು. ಕೊಂಡ ಹುಡುಗ ಗ್ಯಾರೇಜಿಗೆಲ್ಲ ಟೀ ಕೊಡಿಸಿದ್ದ.

ಅವಳು ಕಾರಿನ ಬಳಿ ವಾಪಸು ಬಂದಳು. "3.08 ಡಾಕ್ಟರೇ. ಈ ಟ್ಯಾಗ್ ಈ ಕಾರಿನದಲ್ಲ, ನನ್ನದು."

ಬೋಲ್ಟ್ ಬಿಚ್ಚಿ ಟ್ಯಾಗ್ ತೆಗೆದಳು, ಎಣ್ಣೆ ಜಿನುಗದಂತೆ ಬೋಲ್ಟನ್ನು ಮತ್ತೆ ಬಿಗಿದಳು. ಈ ಸಲ ನೆಟ್ಟಗೆ ಬಿಗಿಯಿತು.

"ನನ್ನ ಮಾತು ಕೇಳು ಕಣೇ..." ಎಂದ ಅವನು.

"ಕಾರು ಇಳಿಸ್ತೀನಿ. ಪಕ್ಕಕ್ಕೆ ನಿಂತ್ಕೊಳ್ಳಿ."

ಅವಳು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮಧ್ಯಾಹ್ನ ಅವಳು ಬಿಳಿ ಕಾರಿನ ಹುಡುಗನಿಗೆ ಫೋನ್ ಮಾಡಿದಳು. ಅವನು ಬುಧವಾರ ಕಾರು ತಂದ. ಮಾವನೇ ಚಕ್ರ ತಿರುಗಿಸಿದರು, ಅವಳು ಎಣಿಸಿದಳು. ಹತ್ತು ಸುತ್ತಿಗೆ ಮೂವತ್ತೊಂದೂ ತುಂಬಲಿಲ್ಲ.