ಬಿಚ್ಚದ ಕಾಗದ

"ಇದನ್ನೂ ಒಂದು ಬಿಚ್ಚಿ ತೋರಸು."

ಶೇಖಮ್ಮ ಹಲ್ಲು ಕಚ್ಚಿಕೊಂಡು ಒಂಬತ್ತನೇ ಸೀರೆಯ ಮಡಿಕೆ ಬಿಚ್ಚಿದಳು. ಲಿಂಗಸುಗೂರಿನ ಸಂತೆಯಲ್ಲಿ ಅವಳ ಅಪ್ಪ ಬಸ್ಸಪ್ಪ ಹಾಕಿದ ಸೀರೆ ಅಂಗಡಿ ಅದು. ಎದುರಿಗೆ ಕೂತ ಖಾಕಿಯವನ ಕಣ್ಣು ಸೀರೆಯ ಮೇಲಿದ್ದರೆ ತಾನೇ!

"ತಗೊಳ್ಳಾವ್ರು ಹೌದೋ ಅಲ್ಲೋ? ಬಿಚ್ಚಿ ಮಡಚಿ ಕೈ ಸೋತ್ವು ನನ್ವು!"

"ಫೌಜಿನಾಗ ನಮ್ದೂ ಇದೇ ಕೆಲಸ," ಎಂದು ಅವನು ನಕ್ಕ. ಹೆಸರು ವೆಂಕೋಬ, ನಿಜಾಮರ ಪಡೆಯ ಸಿಪಾಯಿ. ರಜೆಗೆಂದು ತುರ್ವಿಹಾಳಕ್ಕೆ ಬಂದಿದ್ದ. "ಸಾಹೇಬ ‘ಡಿಪ್ಲಾಯ್’ ಅಂತ ಒದರತಾನ. ಸಾಲಾಗಿ ಬಂದವ್ರು ಬಯಲ ತುಂಬ ಹರಡಿ ನಿಂದ್ರಬೇಕು. ಅದು ಮೂಲದಾಗ ಫ್ರಾನ್ಸ್ ದೇಶದ ಮಾತಂತ. ಮಡಿಕಿ ಬಿಚ್ಚೂದು ಅಂತ ಅರ್ಥ."

"ಇದಕ್ಕ ಸಾಹೇಬ ಯಾಕ ಬೇಕ್ರಿ? ತಿಳುವಳಿಕಿ ಬಂದಾಗಿಂದ ನಾ ಡಿಪ್ಲಾಯ್ ಮಾಡಾಕತ್ತೀನಿ!"

ಅವತ್ತು ಒಂದು ಸೀರೆ ಕೊಂಡ. ಮುಂದಿನ ಮೂರು ಸಂತೆಗೂ ಬಂದ, ಮೂರು ಸೀರೆ ಕೊಂಡ. ಯಾರಿಗೆ ಎಂದರೆ "ಅವ್ವಗ" ಎನ್ನುತ್ತಿದ್ದ. ಆ ಅವ್ವನ ಪುಣ್ಯವೇ ಪುಣ್ಯ ಎಂದು ಶೇಖಮ್ಮ ಒಳಗೊಳಗೇ ನಕ್ಕಳು. ಸಂತೆಯಿಲ್ಲದ ದಿನಗಳು ಅವಳಿಗೆ ಬೇಡವಾಗತೊಡಗಿದ್ದವು.

ರಜೆ ಮುಗಿಯಿತು. ಸಮುದ್ರದಾಚೆ ಲಡಾಯಿ ನಡೆದಿತ್ತು. ವೆಂಕೋಬನ ಪಡೆಗೂ ಅಲ್ಲಿಗೆ ಹೊರಡುವ ಹುಕುಂ ಬಂದಿತ್ತು.

"ನನ್ನೊಳಗೂ ಒಂದು ಮಾತು ಮಡಚಿ ಇಟ್ಟೀನಿ ಶೇಖಾ... ಎದುರಿಗೆ ಬಾಯಿಗೆ ಬರವಲ್ದು. ಕಾಗದ ಬರಿತೀನಿ," ಎಂದು ಹೇಳಿ ಹೋದ.

ಐದು ತಿಂಗಳ ಮೇಲೆ ಮಸ್ಕಿಯಲ್ಲಿದ್ದ ಶೇಖಮ್ಮನ ಮನೆಗೆ ಫೌಜಿನ ಮುದ್ರೆಯ ಕಾಗದ ಬಂತು. ಟಪಾಲಿನ ದಾವಲ್‌ಸಾಬ್ ಹೊಸ್ತಿಲ ಹೊರಗೇ ತಲೆ ತಗ್ಗಿಸಿ ನಿಂತ. ವಿಳಾಸವನ್ನು ಯಾರೋ ಉರ್ದುವಿನಲ್ಲಿ ಬರೆದಿದ್ದರು. ಮಡಚಿ ಅಂಟಿಸಿದ ಆ ಕಾಗದಕ್ಕೆ ಒಂದು ಮೂಲೆಯೇ ಇರಲಿಲ್ಲ!

ಮೂಲೆ ಹರಿದ ಕಾಗದವೆಂದರೆ ಸಾವಿನ ಸುದ್ದಿ. ಹೊರಗೇ ಓದಿ, ಹರಿದು, ಮಿಂದು ಒಳಗೆ ಬರಬೇಕು.

"ಓದಿ ಹರಿದು ಹಾಕು ಯವ್ವಾ," ಬಸ್ಸಪ್ಪನ ದನಿ ಬಿದ್ದುಹೋಗಿತ್ತು.

"ನಾ ಓದೂದಿಲ್ಲ!"

ಅವಳು ಒಳಗೆ ಓಡಿ, ಹಸಿರು ಸೀರೆಯೊಂದರ ಮಡಿಕೆಯಲ್ಲಿ ಅದನ್ನು ಅಡಗಿಸಿಟ್ಟಳು.

ಎರಡು ವರ್ಷ! ಸಂತೆಗೆ ಹೋದಾಗೆಲ್ಲ ಆ ಹಸಿರು ಸೀರೆ ಗಂಟಿನ ತಳದಲ್ಲಿ ಅವಳ ಜೊತೆಗೇ ಹೋಗುತ್ತಿತ್ತು. ತುರ್ವಿಹಾಳಕ್ಕೆ ಹೋಗಿ ವಿಚಾರಿಸಲು ಅಪ್ಪನನ್ನೂ ಬಿಡಲಿಲ್ಲ. ಬಂದ ವರಗಳನ್ನೆಲ್ಲ ಬೇಡವೆಂದಳು. ಕೊನೆಗೆ ಬಸ್ಸಪ್ಪ, "ಸತ್ತಾವ್ನ ಹಾದಿ ಎಷ್ಟ್ ದಿನ ನೋಡ್ತಿ? ಜವಳಗೇರಾದವ್ರಿಗೆ ಮಾತು ಕೊಟ್ಟೀನಿ," ಎಂದುಬಿಟ್ಟ. ಎಂಟು ದಿನಕ್ಕೆ ನಿಶ್ಚಯ.

ಆ ವಾರದ ಸಂತೆಯಲ್ಲಿ...

"ಒಂದು ಸೀರಿ ತೋರಸ್ರಿ. ತಂಗಿ ಮದುವಿಗೆ."

ಶೇಖಮ್ಮ ತಲೆಯೆತ್ತಿದಳು. ಸಂತೆಯ ಗದ್ದಲವೆಲ್ಲ ಎಲ್ಲೋ ದೂರ ಸರಿಯಿತು. ಕನಸೇ ಇದು? ವೆಂಕೋಬ! ಬಡವಾಗಿದ್ದ, ಕಪ್ಪಾಗಿದ್ದ, ಆದರೆ ಅವನೇ!

"ನೀವು... ಸತ್ತಿಲ್ಲೇನ್ರೀ?"

"ಸತ್ತಿದ್ರ ಛಲೋ ಇತ್ತು," ಅವನು ಮುಖ ತಿರುಗಿಸಿದ. "‘ಒಪ್ಪಿಗಿ ಇದ್ರ ಒಂದು ಸಾಲು ಬರಿ, ಇಲ್ಲಾಂದ್ರ ನಿನ್ನ ಹಾದಿಗೆ ಬರೂದಿಲ್ಲ’ ಅಂತ ಬರದಿದ್ದೆ. ಎರಡು ವರ್ಷ ಟಪಾಲು ಕಾದೆ. ಮನಸ್ಸು ತಡೀಲಿಲ್ಲ, ಒಂದು ಸಲ ನೋಡಿ ಹೋಗಾಕ ಬಂದೆ."

ಅವಳು ಗಂಟಿನ ತಳಕ್ಕೆ ಕೈ ಹಾಕಿ ಹಸಿರು ಸೀರೆ ಎಳೆದಳು. ಕಾಗದ ಜಾರಿ ಅವನ ಮುಂದೆ ಬಿತ್ತು.

"ಬಿಚ್ಚೇ ಇಲ್ಲ?"

"ಮೂಲಿ ಹರಿದಿತ್ತು..."

"ಅದು ಸಾಹೇಬನ ಕತ್ರಿ! ಮೂಲ್ಯಾಗ ನಾವಿದ್ದ ಊರಿನ ಹೆಸರು ಬರದಿದ್ದೆ. ದುಶ್ಮನ್‌ಗೆ ತಿಳೀಬಾರ್ದಂತ ಕತ್ತರಿಸಿ ಕಳಿಸ್ಯಾರ." ಅವನು ಕಾಗದ ಎತ್ತಿಕೊಂಡ. "ಸಾವಿನ ಕಾಗದ ಅನಕೊಂಡು ಮತ್ತ ಇಟಗೊಂಡಿದ್ಯಾಕ?"

"ಬಿಚ್ಚಿದ್ರ ನೀವು ಸತ್ತೀರಿ ಅಂತ ಇರತಿತ್ತು. ಬಿಚ್ಚದಿದ್ರ..." ಅವಳು ಹಸಿರು ಸೀರೆಯ ಮಡಿಕೆ ಸವರಿದಳು. "ಎಲ್ಲ್ಯೋ ಇದ್ದೀರಿ ಅಂತ ಬದುಕಿದೆ."

ಎಲ್ಲ ಕೇಳುತ್ತಿದ್ದ ಬಸ್ಸಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿದ. "ಜವಳಗೇರಾಕ್ಕ ನಾ ಹೋಗಿ ಕೈ ಮುಗದು ಬರತೀನಿ. ಅಂಗಡಿ ನೋಡ್ಕೋರಿ ಇಬ್ರೂ," ಎಂದು ಹೊರಟೇಬಿಟ್ಟ.

"ಈಗರೆ ಬಿಚ್ಚು ಶೇಖಾ."

"ಮಡಚಿದಾವ್ರು ನೀವು. ನೀವೇ ಬಿಚ್ರಿ."

"ಹುಕುಂ ಕೊಡು ಮತ್ತ."

ಅವಳು ಅಳುತ್ತಲೇ ನಕ್ಕಳು. "ಡಿಪ್ಲಾಯ್..."

ಅವನು ಒಂದೊಂದೇ ಮಡಿಕೆ ಬಿಚ್ಚಿ ಅವಳ ಮುಂದೆ ಹರಡಿದ. ಅವಳು ಪಿಸುದನಿಯಲ್ಲಿ ಓದಿದಳು: "ಶೇಖಾ, ನಾಕೂ ಸೀರಿ ಅವ್ವನ ಪೆಟ್ಟಿಗ್ಯಾಗ ಹಂಗೇ ಅದಾವ. ಅವ್ವ ಒಂದೂ ಉಟ್ಟಿಲ್ಲ, ಸೊಸಿಗೆ ಅಂತ ಇಟ್ಟಾಳ. ನೀ ಬಂದು ಬಿಚ್ಚತಿ?"

ಶೇಖಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎರಡು ವರ್ಷ ಮಡಚೇ ಇಟ್ಟೀರೇನು? ಮಡಿಕ್ಯಾಗ ಸೀರಿ ಹರೀತಾವ್ರೀ!"

"ಮತ್ತೇನು ಮಾಡೂದು?"

"ಲಗೂನ ಕರ್ಕೊಂಡು ಹೋಗ್ರಿ... ಬಿಚ್ಚತೀನಿ."