ಸೀಸದ ಬೆಲ್ಟ್

ನೀರಿನ ಮೇಲೆ ಈಜುಗಾರರು ಬಳಸುವ ಕೆಂಪು ಪ್ಲಾಸ್ಟಿಕ್ ಬುರುಡೆಯೊಂದು ತೇಲುತ್ತಿತ್ತು.

ಸೋಮವಾರ ಬೆಳಿಗ್ಗೆ ಮೇಕೆ ಮೇಯಿಸಲು ಬಂದ ಸೋಮಮ್ಮ ಅದನ್ನು ಮೊದಲು ಕಂಡಳು. ಮೈಸೂರಿನ ದಕ್ಷಿಣದಂಚಿನ ಹಳೆಯ ಕಲ್ಲುಕ್ವಾರಿ ಅದು. ಕೆಲಸ ನಿಂತು ವರ್ಷಗಳಾಗಿದ್ದವು. ಹೊಂಡದಲ್ಲಿ ಮಳೆನೀರು ತುಂಬಿ ಕೆರೆಯಂತಾಗಿತ್ತು. ಬುರುಡೆ ಬಂಡೆಯ ಮರೆಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೆ ಕಟ್ಟಿದ್ದ ಹಗ್ಗ ನೇರವಾಗಿ ನೀರೊಳಗೆ ಇಳಿದಿತ್ತು. ಸೋಮಮ್ಮ ಕೋಲಿನಿಂದ ಹಗ್ಗವನ್ನು ಹತ್ತಿರಕ್ಕೆಳೆದು ಜಗ್ಗಿದಳು. ಭಾರವಾಗಿತ್ತು. ಇನ್ನೊಮ್ಮೆ ಜಗ್ಗಿದಳು.

ಹಸಿರು ನೀರಿನೊಳಗಿಂದ ಕಪ್ಪು ತೋಳಿನ ಕೈಯೊಂದು ಮೇಲೆ ಬಂತು.

ಇನ್ಸ್‌ಪೆಕ್ಟರ್ ಮಧುಶ್ರೀ ಬರುವಷ್ಟರಲ್ಲಿ ಅಗ್ನಿಶಾಮಕ ದಳದವರು ದೇಹವನ್ನು ಮೇಲೆತ್ತಿ ಬಂಡೆಯ ಮೇಲೆ ಮಲಗಿಸಿದ್ದರು. ಮೂವತ್ತರ ಆಸುಪಾಸಿನ ಹೆಂಗಸು. ಮೈಗಂಟಿದ ತೆಳುವಾದ ವೆಟ್‌ಸೂಟ್, ನೀರಿಗಿಳಿಯುವವರ ರಬ್ಬರ್ ಉಡುಪು. ಮುಖಕ್ಕೆ ಮಾಸ್ಕ್. ಕಾಲಿಗೆ ಮೀನಿನ ರೆಕ್ಕೆಯಂಥ ಉದ್ದನೆಯ ಫಿನ್ಸ್. ಸೊಂಟದಲ್ಲಿ ಸೀಸದ ತುಂಡುಗಳನ್ನು ಪೋಣಿಸಿದ ಕಪ್ಪು ರಬ್ಬರ್ ಬೆಲ್ಟ್. ಮೀನಖಂಡದ ಬಳಿ ಒರೆಯಲ್ಲಿ ಚಾಕು. ಬುರುಡೆಯ ಹಗ್ಗ ಮಣಿಕಟ್ಟಿಗೆ ಸುತ್ತಿತ್ತು; ಅದರ ಇನ್ನೊಂದು ತುದಿಯಲ್ಲಿ ಈಟಿ ಹಾರಿಸುವ ಬಂದೂಕು.

"ಯಾರು ಗೊತ್ತಾಯ್ತಾ?"

"ಪವಿತ್ರ ಅಂತ ಮೇಡಂ. ವಿದ್ಯಾರಣ್ಯಪುರಂ. ಈಜು ಕಲಿಸೋ ಟೀಚರು," ಎಂದ ಹೆಡ್ ಕಾನ್‌ಸ್ಟೆಬಲ್ ಶಿವಲಿಂಗಯ್ಯ. "ಉಸ್ರು ಕಟ್ಟಿ ನೀರೊಳಗೆ ಹೋಗಿ ಈಟೀಲಿ ಮೀನು ಹೊಡೆಯೋ ಆಟ ಅಂತೆ ಇದು. ಒಬ್ಬಳೇ ಬಂದವ್ಳೆ, ಮುಳುಗವ್ಳೆ. ಆಕ್ಸಿಡೆಂಟು."

"ಯಾವುದರಲ್ಲಿ ಬಂದಳು?"

ಶಿವಲಿಂಗಯ್ಯ ಸುತ್ತ ನೋಡಿದ. ಸ್ಕೂಟರ್ ಇರಲಿಲ್ಲ. ಸೈಕಲ್ಲೂ ಇರಲಿಲ್ಲ.

"ಬಂದೂಕು, ಇಷ್ಟುದ್ದದ ಫಿನ್ಸು, ಇಷ್ಟೊಂದು ಸೀಸ. ಸಿಟಿ ಬಸ್ಸಲ್ಲಿ ಹೊತ್ಕೊಂಡು ಬಂದಳಾ?"

ಮಧುಶ್ರೀ ಮಂಡಿಯೂರಿ ಕುಳಿತಳು. ಒರೆಯ ಗುಂಡಿ ಹಾಕಿದಂತೆಯೇ ಇತ್ತು. ಚಾಕು ಹೊರಗೆ ಬಂದೇ ಇರಲಿಲ್ಲ. ಬೆಲ್ಟನ್ನು ಕೊಂಚ ಸರಿಸಿ ನೋಡಿದಳು. ಅದರ ಅಡಿಯಲ್ಲಿ, ಎಡಪಕ್ಕೆಯ ಕೆಳಗೆ, ಸೂಟಿನಲ್ಲಿ ಉಗುರುದ್ದದ ಸೀಳು. ನೇರವಾದ, ಚೊಕ್ಕ ಸೀಳು.

ಬೆಲ್ಟಿನ ಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ.

* * *

ಗಂಡ ಸಂಜಯ್ ವಿದ್ಯಾರಣ್ಯಪುರಂನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಒಳಗೆ ಹೆಂಗಸರು ಅಳುತ್ತಿದ್ದರು.

"ಭಾನುವಾರ ರಾತ್ರಿಯೆಲ್ಲ ಹೆಂಡತಿ ಬಂದಿಲ್ಲ. ಕಂಪ್ಲೇಂಟ್ ಕೊಡಲಿಲ್ಲ ಯಾಕೆ?"

"ಜಗಳ ಆಗಿತ್ತು ಮೇಡಂ. ಅಮ್ಮನ ಮನೆಗೆ ಹೋಗಿರ್ತಾಳೆ ಅನ್ಕೊಂಡೆ."

"ಯಾವ ವಿಷಯಕ್ಕೆ ಜಗಳ?"

"ಇದೇ ವಿಷಯಕ್ಕೆ. ಹೊಂಡಕ್ಕೆ ಹೋಗಬೇಡ ಅಂದೆ. ಡಿಸೆಂಬರಲ್ಲಿ ಇವಳ ಗುಂಪೆಲ್ಲ ಸಮುದ್ರಕ್ಕೆ ಹೋಗೋದಿತ್ತು. ಅಭ್ಯಾಸ ಬೇಕು ಅಂದ್ಲು. ನಾನು ರೇಗಿದೆ. ಬೆಳಿಗ್ಗೆ ಎದ್ದಾಗ ಅವಳಿರಲಿಲ್ಲ."

"ನೀವು ಭಾನುವಾರ ಎಲ್ಲಿದ್ರಿ?"

"ಮನೇಲೇ."

ಅವನು ಬೇಗ ಹೇಳಿದ. ತೀರಾ ಬೇಗ. ಮಧುಶ್ರೀ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

"ಸಾಮಾನ್ಯವಾಗಿ ಜೊತೆಗೆ ಯಾರು ಹೋಗ್ತಿದ್ರು?"

"ಮಹೇಂದ್ರ. ಮಂಡಿ ಮೊಹಲ್ಲಾದಲ್ಲಿ ವರ್ಕ್‌ಶಾಪ್ ಇದೆ. ಇವಳೂ ಅವನೂ ಚಿಕ್ಕಂದಿನಿಂದ ಒಂದೇ ಕೊಳದಲ್ಲಿ ಈಜಿದೋರು. ಸ್ವಂತ ತಮ್ಮನ ಥರ."

* * *

ಮಂಡಿ ಮೊಹಲ್ಲಾದ ಸಂದಿಯೊಂದರಲ್ಲಿ, ಮೆಣಸಿನಕಾಯಿ ಮೂಟೆಗಳ ಘಾಟು ದಾಟಿದರೆ ಮಹೇಂದ್ರನ ವರ್ಕ್‌ಶಾಪು. ಅಪ್ಪನ ಕಾಲದಲ್ಲಿ ಆಟೋ ಸೀಟು ಹೊಲಿಯುತ್ತಿದ್ದ ಜಾಗ. ಈಗ ಅಲ್ಲಿ ವೆಟ್‌ಸೂಟುಗಳು ತೂಗುತ್ತಿದ್ದವು. ಮಹೇಂದ್ರನ ಕಣ್ಣುಗಳು ಊದಿಕೊಂಡಿದ್ದವು.

"ಈ ವಾರ ನಾನು ಹೋಗ್ಲಿಲ್ಲ ಮೇಡಂ. ಕೆಲಸ ಇತ್ತು. ಒಬ್ಬಳೇ ಹೋಗಬೇಡ ಕಣೇ ಅಂತ ಅಂದಿದ್ದೆ."

"ನನಗೆ ಈಜೇ ಬರಲ್ಲ. ಈ ಸಾಮಾನೆಲ್ಲ ಹೇಗೆ ಆರಿಸ್ತಾರೆ, ಸ್ವಲ್ಪ ಹೇಳ್ತೀರಾ?"

ಅವನು ಮೊದಲು ತಡವರಿಸಿದ. ಆಮೇಲೆ ಒಂದು ಸೂಟನ್ನು ಕೈಗೆತ್ತಿಕೊಂಡ. ಅದನ್ನು ಮುಟ್ಟಿದೊಡನೆ ಅವನ ಮಾತಿಗೆ ಜೀವ ಬಂತು.

"ಬಟ್ಟೆಯಿಂದ ಶುರು ಮಾಡ್ಬೇಕು. ನೀರು ಎಷ್ಟು ತಣ್ಣಗಿದೆ, ಎಷ್ಟು ಹೊತ್ತು ಇರ್ತೀರಿ, ಅದರ ಮೇಲೆ ದಪ್ಪ. ಸಡಿಲ ಇದ್ರೆ ಒಳಗೆ ನೀರು ಓಡಾಡಿ ಚಳಿ ಹಿಡಿಯುತ್ತೆ. ಬಿಗಿಯಾದ್ರೆ ಎದೆ ಅರಳಲ್ಲ, ಉಸಿರು ತುಂಬಲ್ಲ. ಹೊಂಡಕ್ಕೆ ಹಸಿರು, ಕಪ್ಪು. ಸಮುದ್ರಕ್ಕೆ ನೀಲಿ. ಮೀನಿಗೆ ನಾವು ಕಾಣಬಾರದಲ್ಲ. ಮಾಸ್ಕ್ ಚಿಕ್ಕದಿರ್ಬೇಕು. ಬಂದೂಕು ಮಸುಕು ನೀರಿಗೆ ಗಿಡ್ಡ, ತಿಳಿನೀರಿಗೆ ಉದ್ದ."

"ಸೀಸ ಯಾಕೆ?"

"ಸೂಟು ನಮ್ಮನ್ನ ತೇಲಿಸುತ್ತೆ. ಅದನ್ನ ಸರಿದೂಗಿಸೋಕೆ. ದಪ್ಪ ಸೂಟಿಗೆ ಜಾಸ್ತಿ ಸೀಸ, ತೆಳು ಸೂಟಿಗೆ ಕಡಿಮೆ. ಸಿಹಿನೀರಲ್ಲಿ ಇನ್ನೂ ಕಡಿಮೆ. ಅಪಾಯ ಅನಿಸಿದ್ರೆ ಒಂದೇ ಎಳೆತಕ್ಕೆ ಬಕಲ್ ಬಿಚ್ಚಿ ಬೆಲ್ಟ್ ಬೀಳಿಸಿಬಿಡ್ಬೇಕು. ಆಗ ಮೈ ತಾನೇ ಮೇಲಕ್ಕೆ..."

ಅವನು ಸೂಟನ್ನು ಮತ್ತೆ ಕೊಕ್ಕೆಗೆ ತೂಗುಹಾಕಿದ.

"ಅವರ ಸೂಟು ನೀವೇ ಹೊಲಿದಿದ್ದಾ?"

"ಹೌದು."

"ಬೆಲ್ಟು?"

"ಅದು... ಅವಳದ್ದೇ. ಎಲ್ಲೋ ತರಿಸಿದ್ಲು."

ಗೋಡೆಯ ಮೊಳೆಗೆ ಇನ್ನೊಂದು ಸೂಟು ನೇತಾಡುತ್ತಿತ್ತು. ದಪ್ಪನೆಯದು, ದೊಡ್ಡ ಅಳತೆಯದು.

"ಇದು?"

"ನಂದು. ನಂಗೆ ಚಳಿ ಜಾಸ್ತಿ."

* * *

ಶವಾಗಾರದ ಹೊರಗೆ ಡಾಕ್ಟರ್ ಪ್ರೇಮಲೀಲಾ ಕೈಗವಸು ಕಳಚುತ್ತ ಬಂದರು.

"ಸಾವು ನೀರಲ್ಲಿ ಮುಳುಗಿಯೇ. ಆದರೆ ಪಕ್ಕೆಯ ಗಾಯ ನೋಡಿದೆ. ಚರ್ಮ ಸ್ವಲ್ಪವೇ ಕುಯ್ದಿದೆ. ಸುತ್ತ ಮಾಂಸದೊಳಗೆ ರಕ್ತ ಹರಡಿದೆ."

"ಅಂದ್ರೆ?"

"ಆ ಚಾಕು ತಾಗಿದಾಗ ಹೃದಯ ಬಡೀತಾ ಇತ್ತು."

ಮಧುಶ್ರೀ ಲೆಕ್ಕ ಹಾಕಿದಳು. ಜೀವವಿದ್ದಾಗ ಯಾರೋ ಚಾಕು ಹಿಡಿದಿದ್ದಾರೆ. ಪವಿತ್ರಳ ಚಾಕು ಒರೆಯಲ್ಲೇ ಇತ್ತು. ಹಾಗಾದರೆ ಅದು ಇನ್ನೊಬ್ಬರ ಚಾಕು.

ಅಷ್ಟರಲ್ಲಿ ಶಿವಲಿಂಗಯ್ಯ ಏದುಸಿರು ಬಿಡುತ್ತ ಬಂದ.

"ಮೇಡಂ, ಸೋಮಮ್ಮ ಇನ್ನೊಂದು ವಿಷ್ಯ ಹೇಳ್ತವ್ಳೆ."

ಸೋಮಮ್ಮ ಜೀಪಿನ ಬಳಿ ಸೆರಗು ಹಿಡಿದು ನಿಂತಿದ್ದಳು. "ಬಾನುವಾರ ಸಂಜೆ ಒಬ್ಬ ಬಂದಿದ್ದ ಕಣಮ್ಮ. ಬೂದಿ ಬಣ್ಣದ ಸ್ಕೂಟ್ರು. ಎಂಗೋ ಇದ್ದ. ಕೂಗ್ತಿದ್ದ. ಅಂಗೇ ಒಂಟೋದ."

ಸಂಜಯ್‌ನ ಅಂಗಳದಲ್ಲಿ ನಿಂತಿದ್ದುದು ಬೂದಿ ಬಣ್ಣದ ಸ್ಕೂಟರ್.

* * *

"ಮನೇಲೇ ಇದ್ದೆ ಅಂದ್ರಿ."

ಸಂಜಯ್ ಮುಖ ಮುಚ್ಚಿಕೊಂಡ.

"ಹೋಗಿದ್ದೆ. ಸಂಜೆ ಯಾಕೋ ಭಯ ಆಯ್ತು. ಹೋಗಿ ಹೆಸರು ಹಿಡಿದು ಕೂಗಿದೆ. ಯಾವ ಗಾಡಿನೂ ಇರಲಿಲ್ಲ. ಇಲ್ಲಿಗೆ ಬಂದೇ ಇಲ್ಲ, ಸುಮ್ನೆ ಹೆದರಿದೆ ಅನ್ಕೊಂಡು ವಾಪಸ್ ಬಂದ್ಬುಟ್ಟೆ. ಅವಳು ಅಲ್ಲೇ ಕೆಳಗಿದ್ಲು ಮೇಡಂ. ನಾನು ದಡದ ಮೇಲೆ ನಿಂತು ಬೈಕೊಂಡು ಬಂದೆ. ಇದನ್ನ ಯಾರ ಹತ್ರ ಹೇಳ್ಲಿ?"

ಶಿವಲಿಂಗಯ್ಯ ಕೈಕೋಳದ ಕಡೆ ಕೈ ಒಯ್ದ. ಮಧುಶ್ರೀ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಕಪ್ಪು ಬೆಲ್ಟಿನ ಫೋಟೋ ತೋರಿಸಿದಳು.

"ಇದು ಅವರದ್ದಾ?"

ಸಂಜಯ್ ನೋಡಿದ. "ಅಲ್ಲ. ಅವಳದ್ದು ನೀಲಿ. ಮಹೇಂದ್ರ ಹೊಸದಾಗಿ ಮಾಡಿದ್ದು. ಬಕಲ್ಲೂ ಅವನದ್ದೇ ಡಿಸೈನು. ಗುಂಪಿನವರಿಗೆಲ್ಲ ಅದನ್ನೇ ಮಾಡಿಕೊಟ್ಟಿದ್ದ. ನಮ್ಮ ಮೈಸೂರಿನದ್ದು ಅಂತ ಇವಳು ಬಂದೋರಿಗೆಲ್ಲ ತೋರಿಸ್ತಿದ್ಲು."

"ಆ ನೀಲಿ ಬೆಲ್ಟ್ ಈಗ ಎಲ್ಲಿ?"

ಮನೆಯೆಲ್ಲ ಹುಡುಕಿದರು. ಇರಲಿಲ್ಲ.

* * *

ಪವಿತ್ರಳ ಗುಂಪಿನ ಸಿಂಚನ ಕಾಲೇಜಿನಲ್ಲಿ ಪಾಠ ಮಾಡುವವಳು. ಮನೆ ಅಗ್ರಹಾರದಲ್ಲಿ. ಅಂಥದೇ ಇನ್ನೊಂದು ನೀಲಿ ಬೆಲ್ಟ್ ನೋಡಬೇಕೆಂದು ಮಧುಶ್ರೀ ಅಲ್ಲಿಗೆ ಹೋದಳು.

"ಇಲ್ವಲ್ಲ ಮೇಡಂ. ಮಹೇಂದ್ರಣ್ಣ ವಾಪಸ್ ತಗೊಂಡು ಹೋದ್ರು. ಎಲ್ಲರದ್ದೂ ತಗೊಂಡ್ರಂತೆ."

"ಯಾಕೆ?"

"ಬಣ್ಣ ಬಿಡುತ್ತೆ, ಸರಿ ಮಾಡಿಕೊಡ್ತೀನಿ ಅಂದ್ರು. ನಾಳೆ ಈಜೋಕೆ ಹೋಗ್ತಿದ್ದೀನಿ, ಆಮೇಲೆ ಕೊಡ್ತೀನಿ ಅಂದೆ. ಇಲ್ಲ, ಈಗ್ಲೇ ಬೇಕು ಅಂತ ಬಾಗಿಲಲ್ಲೇ ನಿಂತ್ಬುಟ್ರು."

"ಯಾವಾಗ ಬಂದಿದ್ರು?"

"ಭಾನುವಾರ ಮಧ್ಯಾಹ್ನ. ಊಟಕ್ಕೆ ಕೂತಿದ್ವಿ, ಒಂದು ತುತ್ತು ಅಂದ್ರೂ ಒಳಗೆ ಬರ್ಲಿಲ್ಲ."

"ಭಾನುವಾರ. ಖಂಡಿತಾನಾ?"

"ಹೌದು. ಪಾಪ, ಮಾರನೇ ದಿನ ತಾನೇ ಪವಿತ್ರಕ್ಕ ಸಿಕ್ಕಿದ್ದು."

ಮಧುಶ್ರೀ ಅಗ್ರಹಾರದ ಕಿರಿದಾದ ಬೀದಿಯಲ್ಲಿ ಜೀಪಿನವರೆಗೆ ನಿಧಾನವಾಗಿ ನಡೆದಳು. ಪ್ರಕರಣದ ಗಂಟು ಬಿಚ್ಚಿಕೊಂಡಾಗ ಸಾಮಾನ್ಯವಾಗಿ ಒಂದು ಹುರುಪು ಬರುತ್ತಿತ್ತು. ಈ ಸಲ ಬರಲಿಲ್ಲ.

* * *

ಮಹೇಂದ್ರ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದ. ಮಧುಶ್ರೀ ಕಪ್ಪು ರಬ್ಬರ್ ಬೆಲ್ಟನ್ನು ಮೇಜಿನ ಮೇಲಿಟ್ಟಳು.

"ಕಟ್ಕೊಳ್ಳಿ."

"ಮೇಡಂ?"

"ಸೊಂಟಕ್ಕೆ ಕಟ್ಕೊಳ್ಳಿ."

ಅವನು ಎದ್ದ. ಬೆಲ್ಟ್ ಸುತ್ತಿಕೊಂಡ. ಬಹಳ ಕಾಲ ಬಳಸಿ ಹಿಗ್ಗಿ ಉದ್ದವಾಗಿದ್ದ ತೂತು ಒಂದೇ ಒಂದು. ಬಕಲಿನ ಮುಳ್ಳು ಸರಿಯಾಗಿ ಅದರೊಳಗೆ ಕೂತಿತು.

"ಪವಿತ್ರ ತೆಳ್ಳಗಿದ್ದರು. ಅವರ ಮೈಮೇಲೆ ಇದೇ ಬೆಲ್ಟನ್ನ ಎಷ್ಟೋ ಒಳಗಿನ ತೂತಿಗೆ ಎಳೆದು ಕಟ್ಟಿದ್ರು. ಆ ತೂತು ಹೊಸದರ ಹಾಗೇ ಇದೆ. ಇದರಲ್ಲಿರೋ ಸೀಸ ನಿಮ್ಮ ದಪ್ಪ ಸೂಟಿಗೆ ಸರಿ. ಅವರ ತೆಳು ಸೂಟಿಗೆ, ಅದೂ ಸಿಹಿನೀರಲ್ಲಿ, ಇಷ್ಟು ಸೀಸ ಯಾರೂ ಹಾಕ್ಕೊಳ್ಳಲ್ಲ. ನೀವೇ ಹೇಳಿಕೊಟ್ಟಿದ್ದು."

ಮಹೇಂದ್ರ ತಲೆ ತಗ್ಗಿಸಿದ.

"ಸೂಟು ಸೀಳಿದೆ. ಅದರ ಮೇಲಿದ್ದ ಬೆಲ್ಟಿಗೆ ಗೀರಿಲ್ಲ. ಅಂದ್ರೆ ಚಾಕುವಿನಲ್ಲಿ ಕುಯ್ದಿದ್ದು ಬೇರೆ ಬೆಲ್ಟನ್ನ. ಆಮೇಲೆ ಇದನ್ನ ಕಟ್ಟಿದಾರೆ. ಕುಯ್ದವರು ಅವರನ್ನ ಸಾಯಿಸೋಕೆ ಬಂದವರಲ್ಲ, ಉಳಿಸೋಕೆ ಬಂದವರು. ಮುಳುಗ್ತಿರೋರ ಸೊಂಟದ ಸೀಸ ಕತ್ತರಿಸೋದು ಅದಕ್ಕೇ ತಾನೇ? ಹೊಂಡದ ಹತ್ರ ಅವರ ಗಾಡಿ ಇರಲಿಲ್ಲ. ಕರ್ಕೊಂಡು ಹೋದವರು ನೀವು. ಭಾನುವಾರ ಮಧ್ಯಾಹ್ನ, ಪವಿತ್ರ ಸತ್ತಿದ್ದಾರೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ, ನೀವು ಮನೆಮನೆಗೆ ಹೋಗಿ ನೀಲಿ ಬೆಲ್ಟುಗಳನ್ನ ವಾಪಸ್ ತಗೊಂಡ್ರಿ. ಅದು ಪ್ರಾಣ ತೆಗೆಯುತ್ತೆ ಅನ್ನೋದು ಆಗ ನಿಮಗೊಬ್ಬರಿಗೇ ಗೊತ್ತಿತ್ತು."

ಮಧುಶ್ರೀ ಮುಂದುವರಿಸಿದಳು: "ಆ ಬೆಲ್ಟುಗಳನ್ನ ಅವರ ಹತ್ರಾನೇ ಬಿಟ್ಟಿದ್ರೆ ನನಗೆ ನಿಮ್ಮ ಮೇಲೆ ಇಷ್ಟು ಗಟ್ಟಿ ಸಾಕ್ಷಿ ಸಿಗ್ತಿರಲಿಲ್ಲ."

"ಬಿಡೋದು ಹೆಂಗೆ ಮೇಡಂ?" ಮಹೇಂದ್ರ ಮೆಲ್ಲಗೆ ಹೇಳಿದ. "ಸಿಂಚನ ಸೋಮವಾರ ನೀರಿಗಿಳಿಯೋಳಿದ್ಲು."

ಅವನು ಮೂಲೆಯ ಗೋಣಿಚೀಲದಿಂದ ನೀಲಿ ಬೆಲ್ಟುಗಳನ್ನು ಸುರಿದ. ಒಂದು ತುಂಡಾಗಿತ್ತು. ಅದರ ಬಕಲ್ ಇನ್ನೂ ಕಚ್ಚಿಕೊಂಡೇ ಇತ್ತು.

"ನನ್ನ ವ್ಯಾನಲ್ಲೇ ಹೋದ್ವಿ. ನಾನು ನೀರ ಮೇಲೆ ತೇಲ್ತಾ ಕಾಯ್ತಿದ್ದೆ. ಅವಳು ಇಳಿದ್ಲು. ದೊಡ್ಡ ಜಿಲೇಬಿ ಮೀನಿಗೆ ಈಟಿ ಹೊಡೆದ್ಲು, ಅದು ಬಂಡೆ ಸಂದಿಗೆ ನುಗ್ತು. ಅದನ್ನ ಎಳೆಯೋಕೆ ಹೋಗಿ ಸುಸ್ತಾದ್ಲು. ಮೇಲೆ ಬರೋವಾಗ ಕಾಲು ಆಡ್ತಿರಲಿಲ್ಲ. ಎರಡೂ ಕೈಲಿ ಬಕಲ್ ಎಳೀತಿದ್ಲು. ಚಾಕು ಮುಟ್ಟಲೇ ಇಲ್ಲ ಮೇಡಂ. ಬಿಚ್ಚುತ್ತೆ ಅಂತ ನಂಬಿದ್ಲು. ನಾನು ಮಾಡಿದ್ದಲ್ವಾ? ನಾನು ಹೋಗಿ ಕುಯ್ದೆ. ದಡಕ್ಕೆ ತಂದೆ. ಹೆಸರು ಹಿಡಿದು ಕೂಗಿದೆ. ಎದೆ ಒತ್ತಿದೆ. ಉಸಿರಿರಲಿಲ್ಲ."

"ಆಮೇಲೆ?"

"ಎಲ್ಲ ಮುಗೀತು ಅನ್ನಿಸ್ತು. ನಾನು ಮಾಡಿದ ಬೆಲ್ಟಿಂದ ಸತ್ಲು ಅಂದ್ರೆ ಈ ವರ್ಕ್‌ಶಾಪು, ನನ್ನ ಹೆಸರು... ನನ್ನ ಸೊಂಟದ ಕಪ್ಪು ಬೆಲ್ಟ್ ಬಿಚ್ಚಿ ಅವಳಿಗೆ ಕಟ್ಟಿದೆ. ನೀರಿಗೆ ಬಿಟ್ಟೆ. ಬೇಗ ಸಿಗ್ಲಿ ಅಂತ ಬುರುಡೆ ಹಗ್ಗ ಅವಳ ಕೈಗೆ ಸುತ್ತಿ ಹಾಗೇ ಬಿಟ್ಟೆ."

"ಫೋನ್ ಇತ್ತಾ ಹತ್ರ?"

"ವ್ಯಾನಲ್ಲಿತ್ತು."

ಹೊರಗೆ ಕೈಗಾಡಿಯವನೊಬ್ಬ ದಾರಿಗಾಗಿ ಕೂಗುತ್ತಿದ್ದ. ಮಹೇಂದ್ರ ಸೊಂಟದ ಬೆಲ್ಟ್ ಬಿಚ್ಚಿ ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ.

"ಅವಳು ಆಗಲೇ ಹೋಗ್ಬಿಟ್ಟಿದ್ಲು, ಅಲ್ವಾ ಮೇಡಂ?"

ಮಧುಶ್ರೀ ಶಿವಲಿಂಗಯ್ಯನ ಮುಖ ನೋಡಿದಳು. ಅವನು ಬಾಗಿಲ ಕಡೆ ತಿರುಗಿಕೊಂಡ. ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ಡಾಕ್ಟರ್ ಹೇಳುತ್ತಾರೆ. ಅದು ಅಪರಿಚಿತರ ನಡುವೆ ಕೇಳುವ ಮಾತಲ್ಲ.

"ನೀವು ಬೆಲ್ಟ್ ಕುಯ್ದಾಗ ಅವರ ಹೃದಯ ಬಡೀತಿತ್ತು. ದಡದ ಮೇಲೆ ಎಷ್ಟು ಹೊತ್ತು ಬಡೀತೋ ಗೊತ್ತಿಲ್ಲ. ಇನ್ನೂ ಸ್ವಲ್ಪ ಹೊತ್ತು ಉಸಿರು ಕೊಟ್ಟು, ಎದೆ ಒತ್ತಿ, ಯಾರನ್ನಾದ್ರೂ ಕರೆದಿದ್ರೆ ಉಳೀತಿದ್ರೋ ಇಲ್ವೋ, ಡಾಕ್ಟರಿಗೂ ಹೇಳೋಕಾಗಲ್ಲ."

ಮಹೇಂದ್ರ ಅಳಲಿಲ್ಲ. ಸ್ಟೂಲಿನ ಮೇಲೆ ಕುಳಿತ. ತನ್ನ ಕೈಗಳನ್ನೇ ನೋಡುತ್ತಿದ್ದ.

"ಅವಳನ್ನ ಬಂಡೆ ಮೇಲೆ ಮಲಗಿಸಿದ ತಕ್ಷಣ ನಾನು ಅವಳ ಮುಖ ನೋಡ್ಲಿಲ್ಲ ಮೇಡಂ," ಎಂದ. "ಬಕಲ್ ನೋಡಿದೆ. ಎಲ್ಲಿ ತಪ್ಪಾಯ್ತು ಅಂತ ಮೊದಲು ಬಕಲ್ ನೋಡಿದೆ."